ಅಜ್ಜಿ ಉಗುಳಿದ ಕಹಿ ಬೀಜ

ನಮ್ಮೂರು ಚಳ್ಳಕೆರೆ ಕಡೆ. ಚಳ್ಳಕೆರೆಗೆ ಎಣ್ಣೆ ನಗರಿ ಅಂತಾನೇ ಹೆಸರು, ಸುತ್ತ ಯಾವ ಹಳ್ಳಿಗೆ ಹೋದ್ರೂ ಮುಂಗಾರಿಗೆ ಶೇಂಗಾ ಬಿಟ್ರೆ ಬೇರೆ ಮಾತಿಲ್ಲ. ನಾನು ಚಿಕ್ಕೋಳಿದ್ದಾಗ ದೀಪಾವಳಿ ಹೊತ್ತಿಗೆ ಮನೆ ಮುಂದೆ ಕಾಯಿ ರಾಶಿ ಬಿದ್ದಿರೋದು, ಸ್ಕೂಲಿಂದ ಬಂದು ಬ್ಯಾಗು ಇಟ್ಟ ತಕ್ಷಣ ನಮ್ಗೆ ಕೆಲಸ ಅಂದ್ರೆ ಅಜ್ಜಿ ಪಕ್ಕ ಕೂತು ಕಾಯಿ ಆರಿಸೋದು. ಬಿತ್ತನೆಗೆ ಬೇರೆ, ಮನೆಗೆ ಬೇರೆ, ಜೊಳ್ಳು ಬೇರೆ. ಅಜ್ಜಿ ನಡುನಡುವೆ ಒಂದು ಬೀಜ ಬಾಯಿಗೆ ಹಾಕೋಳು, ಕಹಿ ಅನ್ಸಿದ್ರೆ ತಟ್ಟನೆ ಉಗುಳಿ ಬಾಯಿ ಮುಕ್ಕಳಿಸಿ ಬಂದು ಮೊರದಲ್ಲಿದ್ದ ಅಷ್ಟೂ ಬೀಜಾನ ಮತ್ತೆ ಮೊದಲಿಂದ ನೋಡೋಳು. ನಂಗೋ ಆಟಕ್ಕೆ ಹೋಗೋ ಅವಸರ. "ಒಂದೇ ತಾನೆ ಅಜ್ಜಿ, ಬಿಡು" ಅಂದ್ರೆ "ಒಂದು ಸಿಕ್ತು ಅಂದ್ರೆ ಅದರ ಅಕ್ಕತಂಗೀರು ಇಲ್ಲೇ ಎಲ್ಲೋ ಇರ್ತಾರೆ ಕಣೆ, ಸುಮ್ನೆ ಕೂತು ನೋಡು" ಅನ್ನೋಳು.

ನಾನು ಆರನೇ ಕ್ಲಾಸಲ್ಲಿದ್ದಾಗ ಒಂದು ವರ್ಷ ಗೌರಿ ಹಬ್ಬ ಆದ್ಮೇಲೆ ಮಳೆ ಹೋಗಿದ್ದು ಹೋಗಿದ್ದೇ. ಕಾಯಿ ಕಟ್ಟೋ ಹೊತ್ತಲ್ಲಿ ಹೊಲ ಬಿರುಕು ಬಿಡ್ತು, ಆಮೇಲೆ ಕಿತ್ತು ಹಾಕಿದ ಮೇಲೆ ಎರಡು ದಿನ ಜಡಿಮಳೆ. ಆ ವರ್ಷ ಮುಕ್ಕಾಲು ಪಾಲು ಜೊಳ್ಳು, ಸುಕ್ಕು ಬೀಜ, ಕೆಲವಕ್ಕೆ ಹಳದಿ ಹಸಿರು ಬಣ್ಣದ ಬೂಷ್ಟು. ಅದನ್ನೇ ಕೋಳಿಗೆ ಹಾಕಿದ್ವಿ, ವೇಸ್ಟ್ ಮಾಡೋಕಾಗುತ್ತಾ. ಹದಿನೈದು ದಿನದಲ್ಲಿ ಮರಿಗಳು ಒಂದೊಂದೇ ತೂಕಡಿಸ್ತಾ ಮೂಲೆ ಸೇರಿ ಸಾಯೋಕೆ ಶುರುವಾದ್ವು. ಎಲ್ರೂ ಹೇಳಿದ್ದು ಕೊಕ್ಕರೆ ರೋಗ ಅಂತ. ಅಜ್ಜಿ ಒಬ್ಬಳೇ ಹೇಳಿದ್ಳು, ಪಕ್ಕದ ಮನೆ ಕೋಳಿ ಚೆನ್ನಾಗಿದಾವೆ, ರೋಗ ಆದ್ರೆ ಅವಕ್ಕೂ ಬರ್ಬೇಕಿತ್ತು, ನಮ್ಮವು ಬೂಷ್ಟು ಬೀಜ ತಿಂದಿವೆ ಅಂತ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಅವಳು ಮಾತ್ರ ಅವತ್ತಿಂದ ಆ ರಾಶೀನ ಕೋಳಿಗೂ ಹಾಕ್ಲಿಲ್ಲ, ಅದರ ಹಿಂಡಿ ಹಸುಗೂ ಇಡೋಕೆ ಬಿಡ್ಲಿಲ್ಲ. ಮರಿಗಳನ್ನ ಟೆಸ್ಟ್ ಮಾಡಿಸೋದು ಅಂತೆಲ್ಲ ನಮ್ಮೂರಲ್ಲಿ ಯಾರಿಗೂ ಹೊಳೆಯೋ ವಿಷಯನೇ ಅಲ್ಲ ಆಗ, ತಿಪ್ಪೆ ಪಕ್ಕ ಗುಂಡಿ ತೋಡಿ ಮುಚ್ಚಿದ್ವಿ ಅಷ್ಟೆ.

ಈಗ ನಾನು ಬೆಂಗಳೂರಲ್ಲಿ ಒಂದು ಫುಡ್ ಟೆಸ್ಟಿಂಗ್ ಲ್ಯಾಬಲ್ಲಿದೀನಿ, ಹನ್ನೊಂದು ವರ್ಷ ಆಯ್ತು. ನನ್ನ ಬೆಂಚಿಗೆ ಬರೋದು ಹೆಚ್ಚಾಗಿ ಅಫ್ಲಾಟಾಕ್ಸಿನ್, ಅಂದ್ರೆ ಬೂಷ್ಟು ಬಿಡೋ ಒಂದು ವಿಷ, ಇದೆಯಾ ಅಂತ ನೋಡೋ ಸ್ಯಾಂಪಲ್ಲುಗಳೇ, ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿ, ಪಶು ಆಹಾರ, ಹಾಲು. ಸೇರಿದ ಮೊದಲ ವಾರ ಸೀನಿಯರ್ ಒಬ್ರು ಡಾರ್ಕ್ ರೂಮಿಗೆ ಕರ್ಕೊಂಡು ಹೋಗಿ ಯುವಿ ದೀಪದ ಕೆಳಗೆ ಒಂದು ಪ್ಲೇಟ್ ತೋರಿಸಿದ್ರು, ತಿಳಿ ನೀಲಿ ಬೆಳಕಿನ ಚುಕ್ಕೆ, ಅದರ ಕೆಳಗೆ ಹಸಿರು. ನೀಲಿಗೆ ಬಿ, ಹಸಿರಿಗೆ ಜಿ, ಇಂಗ್ಲಿಷಿನ ಬ್ಲೂ ಮತ್ತು ಗ್ರೀನ್, ಈ ವಿಷದ ಬಗೆಗಳಿಗೆ ಬಿ1 ಬಿ2 ಜಿ1 ಜಿ2 ಅನ್ನೋ ಹೆಸರು ಬಂದಿದ್ದೇ ಹಾಗೆ. ಅಲ್ಲಿ ನಿಂತು ನಂಗೆ ನೆನಪಾಗಿದ್ದು ಸತ್ತ ಕೋಳಿಮರಿಗಳು. ಅವು ಇದರಿಂದಲೇ ಸತ್ವು ಅಂತ ನಾನು ಹೇಳಲ್ಲ, ಪುರಾವೆ ಗುಂಡಿಯಲ್ಲಿ ಹೋಯ್ತು. ಆದ್ರೆ ಅಜ್ಜಿ ಹಿಡಿದ ದಾರಿ ಇತ್ತಲ್ಲ, ನಮ್ಮದಕ್ಕೆ ಬಂದು ಪಕ್ಕದ ಮನೆಗೆ ಬರದೇ ಇರೋದು ಯಾವ್ದು ಅಂತ ಕೇಳ್ಕೊಳ್ಳೋದು, ಈ ವಿಷ ಪತ್ತೆ ಆಗಿದ್ದೂ ಅದೇ ದಾರೀಲಿ.

1960ರಲ್ಲಿ ಇಂಗ್ಲೆಂಡಲ್ಲಿ ಟರ್ಕಿ ಕೋಳಿ ಮರಿಗಳು ಸಾಯೋಕೆ ಶುರುವಾದ್ವು, ಕೆಲವೇ ತಿಂಗಳಲ್ಲಿ 1 ಲಕ್ಷಕ್ಕೂ ಹೆಚ್ಚು. ಕಾರಣ ಗೊತ್ತಾಗದೆ ಟರ್ಕಿ ಎಕ್ಸ್ ರೋಗ ಅಂತ ಕರೆದ್ರು. ವೈರಸ್ ಹುಡುಕಿದ್ರು, ಸಿಗ್ಲಿಲ್ಲ, ಆಮೇಲೆ ಮರಿ ಸತ್ತ ಫಾರಂಗಳಲ್ಲೆಲ್ಲ ಒಂದೇ ಥರ ಇರೋದು ಏನು ಅಂತ ನೋಡಿದಾಗ ಬ್ರೆಜಿಲಿಂದ ಬಂದ ಶೇಂಗಾ ಹಿಂಡಿ ಸಿಕ್ತು, ಹಿಂಡಿಯೊಳಗೆ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟು ಬಿಟ್ಟ ವಿಷ ಸಿಕ್ತು. ಆ ಬೂಷ್ಟಿನ ಹೆಸರಿಂದಲೇ ಅಫ್ಲಾಟಾಕ್ಸಿನ್ ಅನ್ನೋ ಹೆಸರು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ಅದೇ ಶೇಂಗಾ ಮನುಷ್ಯರೂ ತಿಂತಿದ್ರು, ಎಷ್ಟು ವರ್ಷದಿಂದ ತಿಂತಿದ್ರೋ, ಮನುಷ್ಯರಲ್ಲಿ ಅದು ನಿಧಾನಕ್ಕೆ ಲಿವರ್ ಕ್ಯಾನ್ಸರ್ ಆಗಿ ಬರೋದು, ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ ಬಂದ ಕ್ಯಾನ್ಸರ್ರಿಗೂ ಒಂದು ಮುಷ್ಟಿ ಶೇಂಗಾಕ್ಕೂ ಗಂಟು ಹಾಕೋರು ಯಾರು. ಟರ್ಕಿ ಮರಿಗಳು ಸಾಯದೆ ಹೋಗಿದ್ರೆ ಇನ್ನೆಷ್ಟು ವರ್ಷ ಗೊತ್ತಾಗ್ತಿರ್ಲಿಲ್ವೋ.

ನಮ್ಮ ರಾಜ್ಯಕ್ಕೂ ಸುಳಿವು ಬೇಗನೇ ಬಂದಿತ್ತು. 1966ರಲ್ಲಿ, ಆಗಿನ್ನೂ ಮೈಸೂರು ರಾಜ್ಯ, 2,000ಕ್ಕೂ ಹೆಚ್ಚು ಕೋಳಿಮರಿಗಳು ಶೇಂಗಾ ಹಿಂಡಿ ತಿಂದು ಸತ್ತಿದ್ದು ಪಶುವೈದ್ಯರ ಬರಹಗಳಲ್ಲಿ ದಾಖಲಾಗಿದೆ. ಅದಾದ್ಮೇಲೆ ಬಂದದ್ದು ಓದೋಕೆ ನಂಗೆ ಈಗಲೂ ಕಷ್ಟ ಆಗುತ್ತೆ. ಪ್ರೋಟೀನ್ ಕೊರತೆಯಿಂದ ಊದಿಕೊಂಡಿದ್ದ ಪುಟ್ಟ ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಶೇಂಗಾ ಹಿಟ್ಟು ಕೊಟ್ಟಿದ್ರು, ಆ ಹಿಟ್ಟಲ್ಲಿ ಅಫ್ಲಾಟಾಕ್ಸಿನ್ ಇದ್ದದ್ದು ಆಮೇಲೆ ಗೊತ್ತಾಯ್ತು, ಕೆಲವು ಮಕ್ಕಳಿಗೆ ಲಿವರ್ ಸಿರೋಸಿಸ್ ಆಯ್ತು. ಮೈಸೂರಿನ ವೈದ್ಯರು ವಿಜ್ಞಾನಿಗಳು ಸೇರಿ ಇದನ್ನ ಮುಚ್ಚಿಡದೆ 1971ರಲ್ಲಿ ಬರೆದು ಪ್ರಕಟಿಸಿದ್ರು. ನಮ್ಮ ಕೈಯಿಂದಲೇ ಹೀಗಾಯ್ತು ಅಂತ ಬರೆಯೋಕೆ ಎಷ್ಟು ಗಟ್ಟಿ ಮನಸ್ಸು ಬೇಕು. ಪ್ರಪಂಚದಾದ್ಯಂತ ಅಫ್ಲಾಟಾಕ್ಸಿನ್ ಬಗ್ಗೆ ಬರೆಯೋರು ಇವತ್ತಿಗೂ ಆ ವರದಿ ಉಲ್ಲೇಖಿಸ್ತಾರೆ.

ಆದ್ರೆ ನನ್ನ ಮನಸ್ಸಲ್ಲಿ ಎಲ್ಲಕ್ಕಿಂತ ಜಾಸ್ತಿ ಕೂತಿರೋದು 1974ರದ್ದು. ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾನಸ್‌ವಾಡಾ ಜಿಲ್ಲೆಗಳ ಆದಿವಾಸಿ ಹಳ್ಳಿಗಳು. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ, ಮೆಕ್ಕೆಜೋಳ ನೆನೆದು ಬೂಷ್ಟು ಹಿಡೀತು, ಮನೇಲಿ ಬೇರೆ ಕಾಳಿಲ್ಲ, ಅದನ್ನೇ ರೊಟ್ಟಿ ಮಾಡಿ ತಿಂದ್ರು. ಕಾಮಾಲೆ ಬಂತು, ಹೊಟ್ಟೆ ನೀರು ತುಂಬ್ಕೊಂಡು ಊದಿಕೊಳ್ತು. 397 ಜನಕ್ಕೆ ಕಾಯಿಲೆ, 106 ಸಾವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹೋಗಿ ನೋಡಿದಾಗ ಆ ಕಾಳಲ್ಲಿ ಕೆಜಿಗೆ 6ರಿಂದ 15 ಮಿಲಿಗ್ರಾಂ ತನಕ ಅಫ್ಲಾಟಾಕ್ಸಿನ್. ಇವತ್ತು ನಮ್ಮ ದೇಶದ ಮಿತಿ ಕೆಜಿಗೆ 15 ಮೈಕ್ರೋಗ್ರಾಂ, ಅಂದ್ರೆ ಮಿತಿಗಿಂತ ನೂರಾರು ಪಟ್ಟು. ಆ ವರದಿಯಲ್ಲಿ ಒಂದು ಮಾತು ಬರುತ್ತೆ, ಮನುಷ್ಯರಿಗೆ ಕಾಯಿಲೆ ಬರೋ ಮುಂಚೆ ಅದೇ ಮನೆಗಳ ನಾಯಿಗಳಿಗೆ ಅದೇ ಥರ ಹೊಟ್ಟೆ ಊದಿ ಕಾಮಾಲೆ ಬಂದಿತ್ತು. ಓದಿದ ದಿನ ನಂಗೆ ನಿದ್ದೆ ಬರ್ಲಿಲ್ಲ. ನಾಯಿ ಹೊಟ್ಟೆ ಊದಿದ್ದನ್ನ ಆ ಮನೆಗಳಲ್ಲಿ ಯಾರೋ ಒಬ್ಬ ಅಜ್ಜಿ, ಯಾರೋ ಒಂದು ಮಗು ನೋಡೇ ಇರ್ತಾರೆ, ನಮ್ಮ ನಾಯಿಗೆ ಏನೋ ಆಗಿದೆ ಅಂತ ಪಕ್ಕದ ಮನೇಲಿ ಹೇಳೂ ಇರ್ತಾರೆ. ಆ ಮಾತು ಊರು ದಾಟಿ ಹೋಗೋಕೆ ದಾರಿ ಇರ್ಲಿಲ್ಲ.

ಇದು ಹಳೇ ಕಾಲದ್ದು, ಬಡವರ ಊರಿಂದು ಅನ್ಕೋಬೇಡಿ. 2007ರ ಮಾರ್ಚಲ್ಲಿ ಅಮೆರಿಕದಲ್ಲಿ ಸಾಕಿದ ನಾಯಿ ಬೆಕ್ಕುಗಳಿಗೆ ಕಿಡ್ನಿ ಹೋಗೋಕೆ ಶುರುವಾಯ್ತು, ಪ್ಯಾಕೆಟ್ ಆಹಾರ ಲಾಟುಗಟ್ಟಲೆ ವಾಪಸ್ ತಗೊಂಡ್ರು, ಚೀನಾದಿಂದ ಬಂದ ಗೋಧಿ ಗ್ಲುಟನ್‌ನಲ್ಲಿ, ಅಂದ್ರೆ ಗೋಧಿಯ ಪ್ರೋಟೀನಲ್ಲಿ, ಪ್ಲಾಸ್ಟಿಕ್ ಮಾಡೋಕೆ ಬಳಸೋ ಮೆಲಮೈನ್ ಸಿಕ್ತು. ಪ್ರೋಟೀನ್ ಅಳೆಯೋ ಹಳೇ ಟೆಸ್ಟ್ ನಿಜಕ್ಕೂ ಅಳೆಯೋದು ನೈಟ್ರೋಜನ್ನನ್ನ, ಮೆಲಮೈನ್ ತುಂಬ ನೈಟ್ರೋಜನ್, ಹಾಗಾಗಿ ಅದನ್ನ ಬೆರೆಸಿದ್ರೆ ಪ್ರೋಟೀನ್ ಜಾಸ್ತಿ ಇದೆ ಅಂತ ರಿಪೋರ್ಟು ಬರುತ್ತೆ. ಮೋಸ ಹೆಂಗೆ ನಡೆಯುತ್ತೆ ಅಂತ ಅವತ್ತೇ ಜಗತ್ತಿಗೆಲ್ಲ ಗೊತ್ತಾಯ್ತು. ಪ್ರೋಟೀನ್ ಲೆಕ್ಕದಲ್ಲಿ ದುಡ್ಡು ಕೊಡೋ ಇನ್ನೊಂದು ದೊಡ್ಡ ವ್ಯಾಪಾರ ಯಾವುದು? ಹಾಲು. ಈ ಪ್ರಶ್ನೆ ಕೇಳ್ಬೇಕಾದೋರು ಕೇಳಿದ್ರೆ ಸಾಕಿತ್ತು. ಒಂದೂವರೆ ವರ್ಷ ಆದ್ಮೇಲೆ, 2008ರ ಸೆಪ್ಟೆಂಬರಲ್ಲಿ, ಚೀನಾದಲ್ಲಿ ಮಕ್ಕಳ ಹಾಲಿನ ಪುಡೀಲಿ ಅದೇ ಮೆಲಮೈನ್, ಸುಮಾರು 3 ಲಕ್ಷ ಮಕ್ಕಳಿಗೆ ಕಾಯಿಲೆ, 6 ಕಂದಮ್ಮಗಳು ತೀರಿಕೊಂಡ್ವು.

ನನ್ನ ಕೆಲಸದಲ್ಲಿ ಹೊಸ ಹುಡುಗ ಹುಡುಗೀರು ಸೇರಿದಾಗ ನಾನು ಮೊದಲು ಹೇಳೋ ಕಥೆ ಇದೇ. ಮಷಿನ್ ಹೊಡೆಯೋದು ಯಾರು ಬೇಕಾದ್ರೂ ಆರು ತಿಂಗಳಲ್ಲಿ ಕಲೀತಾರೆ. ಎಲ್ಲಿ ಏನೋ ಆಯ್ತು ಅಂತ ಕೇಳಿದಾಗ ಇದೇ ಇನ್ನೆಲ್ಲಿ ಆಗಬಹುದು ಅಂತ ಯೋಚನೆ ಮಾಡೋದು ಕಷ್ಟ, ಯಾಕಂದ್ರೆ ಅದಕ್ಕೆ ಯಾರೂ ಸ್ಯಾಂಪಲ್ ಕಳ್ಸಲ್ಲ, ಫೀಸು ಕಟ್ಟಲ್ಲ.

ನಾವು ಹುಡುಕೋ ಜಾಗನೂ ಸರಿ ಇರ್ಬೇಕು. ಹಾಲು ಅಂದ ತಕ್ಷಣ ಜನ ಹೇಳೋದು ಯೂರಿಯಾ ಹಾಕ್ತಾರೆ, ಡಿಟರ್ಜೆಂಟ್ ಹಾಕ್ತಾರೆ, ವಾಟ್ಸಾಪಲ್ಲಿ ಆ ವಿಡಿಯೋಗಳಿಗೆ ಲೆಕ್ಕ ಇಲ್ಲ, ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲೇ ತಿಂಗಳಿಗೊಂದು ಬರುತ್ತೆ. ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ 1,103 ಊರುಗಳಿಂದ 6,432 ಹಾಲಿನ ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡಿಸ್ತು. ಅಷ್ಟರಲ್ಲಿ ಕುಡಿಯೋಕೆ ಅಪಾಯ ಆಗೋ ಥರ ಕಲಬೆರಕೆ ಆಗಿದ್ದು ಬರೀ 12. ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದ್ದು 368, ನೂರಕ್ಕೆ 5.7. ಯಾರೂ ಬೇಕಂತ ಹಾಕಿದ್ದಲ್ಲ ಅದು. ಹಸು ಬೂಷ್ಟು ಹಿಡಿದ ಹಿಂಡಿ ತಿನ್ನುತ್ತೆ, ಹಿಂಡೀಲಿರೋ ಬಿ1 ಅದರ ಲಿವರಲ್ಲಿ ಎಂ1 ಆಗಿ ಬದಲಾಗಿ ಒಂದು ದಿನದೊಳಗೆ ಹಾಲಿಗೆ ಬರುತ್ತೆ, ಕಾಯಿಸಿದ್ರೂ ಹೋಗಲ್ಲ, ಪಾಶ್ಚರೈಸ್ ಮಾಡಿದ್ರೂ ಹೋಗಲ್ಲ. ಹಿಂಡಿ ನಿಲ್ಲಿಸಿದ್ರೆ ಮೂರ್ನಾಲ್ಕು ದಿನದಲ್ಲಿ ಹಾಲು ಶುದ್ಧ. ಅಂದ್ರೆ ಹಾಲಿನ ಅಪಾಯ ಹುಡುಕ್ಬೇಕಾದ್ದು ಹಾಲಿನ ಕ್ಯಾನಲ್ಲಲ್ಲ, ಕೊಟ್ಟಿಗೆ ಮೂಲೇಲಿರೋ ಹಿಂಡಿ ಚೀಲದಲ್ಲಿ, ಅದಕ್ಕೂ ಮುಂಚೆ ಮಿಲ್ಲಲ್ಲಿ, ಅದಕ್ಕೂ ಮುಂಚೆ ಹೊಲದಲ್ಲಿ.

ಹೊಲದಲ್ಲಿ ಅದು ಮಳೆ ಲೆಕ್ಕದಲ್ಲಿ ಕಾಣುತ್ತೆ. ಈ ಬೂಷ್ಟು ಮಣ್ಣಲ್ಲೇ ಇರೋದು. ಕಾಯಿ ಬಲಿಯೋ ಕೊನೇ ಮೂರ್ನಾಲ್ಕು ವಾರ ಮಣ್ಣು ಒಣಗಿ ಬಿಸಿಯಾದ್ರೆ ಗಿಡಕ್ಕೆ ತಡ್ಕೊಳ್ಳೋ ಶಕ್ತಿ ಹೋಗುತ್ತೆ, ಗೆದ್ದಲು ಕಡಿದ ತೂತಲ್ಲೋ ಬಿರುಕಲ್ಲೋ ಬೂಷ್ಟು ಒಳಗೆ ಸೇರುತ್ತೆ. ಕಿತ್ತ ಮೇಲೆ ನೆನೆದ್ರೆ, ಸರಿಯಾಗಿ ಒಣಗಿಸದೆ ಚೀಲ ತುಂಬಿದ್ರೆ ಇನ್ನಷ್ಟು. ಅಂದ್ರೆ ಸೆಪ್ಟೆಂಬರಲ್ಲಿ ಮಳೆ ಕೈಕೊಟ್ಟ ಹೋಬಳಿಗಳ ಪಟ್ಟಿ ಹಿಡ್ಕೊಂಡ್ರೆ ನವೆಂಬರಲ್ಲಿ ಯಾವ ಕಡೆ ಶೇಂಗಾ ನೋಡ್ಬೇಕು ಅಂತ ಮುಂಚೇನೇ ಹೇಳಬಹುದು. ಇದು ನನ್ನ ಕಲ್ಪನೆ ಅಲ್ಲ. 2012ರ ಬೇಸಿಗೇಲಿ ಸರ್ಬಿಯಾ ದೇಶದಲ್ಲಿ ಬಿರು ಬರ, ಮೆಕ್ಕೆಜೋಳಕ್ಕೆ ಬೂಷ್ಟು, ಆ ಜೋಳ ಹಸುಗಳ ಹೊಟ್ಟೆಗೆ ಹೋಗಿ 2013ರ ಫೆಬ್ರವರೀಲಿ ಹಾಲಲ್ಲಿ ಎಂ1 ಸಿಕ್ಕಿ ದೊಡ್ಡ ಗಲಾಟೆ ಆಯ್ತು. ಬರಕ್ಕೂ ಹಾಲಿಗೂ ನಡುವೆ ಆರು ತಿಂಗಳು ಸಮಯ ಇತ್ತು. ಕೊನೆಗೆ ಅಲ್ಲಿನ ಸರ್ಕಾರ ಮಾಡಿದ್ದು ಹಾಲಿಗೆ ಇದ್ದ ಎಂ1 ಮಿತೀನ ಹತ್ತು ಪಟ್ಟು ಸಡಿಲ ಮಾಡಿದ್ದು. ಆರು ತಿಂಗಳು ಮುಂಚೆ ಹಿಂಡಿ ಮೇವು ಟೆಸ್ಟ್ ಮಾಡಿದ್ರೆ ಮಿತಿ ಸಡಿಲ ಮಾಡೋ ಪರಿಸ್ಥಿತಿ ಬರ್ತಿರ್ಲಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

2024ರ ಮಾರ್ಚಲ್ಲಿ ನಮ್ಮ ರಾಜ್ಯ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮೈನ್ ಬಿ ಥರದ ಬಣ್ಣ ಹಾಕೋದು ನಿಷೇಧ ಮಾಡ್ತಲ್ಲ, ಅದು ಒಳ್ಳೆ ಕೆಲಸ, ಗೋಬಿಯ 171 ಸ್ಯಾಂಪಲಲ್ಲಿ 107 ಅಸುರಕ್ಷಿತ ಅಂತ ಬಂದ್ಮೇಲೆ ಸುಮ್ನಿರೋ ಹಾಗಿರ್ಲಿಲ್ಲ. ಆದ್ರೆ ಬಣ್ಣ ಕಣ್ಣಿಗೆ ಕಾಣುತ್ತೆ, ಕೈಗೆ ಅಂಟುತ್ತೆ, ಟಿವಿಯಲ್ಲಿ ತೋರಿಸೋಕಾಗುತ್ತೆ. ಅಫ್ಲಾಟಾಕ್ಸಿನ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿನೂ ಇಲ್ಲ. ಅಜ್ಜಿಗೆ ಸಿಗ್ತಿದ್ದ ಕಹಿ ಬೂಷ್ಟು ಬೀಜ ಹಾಳು ಮಾಡಿದ್ರಿಂದ ಬಂದ ಕಹಿ, ವಿಷದ್ದಲ್ಲ. ಕಹಿ ಇಲ್ಲ ಅಂದ ಮಾತ್ರಕ್ಕೆ ವಿಷ ಇಲ್ಲ ಅಂತ ಅಲ್ಲ, ಆದ್ರೆ ಕಹಿ ಸಿಕ್ರೆ ಆ ರಾಶಿ ಮೇಲೆ ಅನುಮಾನ ಪಡೋಕೆ ಅಷ್ಟು ಸಾಕು. ಅಕ್ಕತಂಗೀರು ಅನ್ನೋ ಮಾತೂ ಲ್ಯಾಬಿನ ಲೆಕ್ಕಕ್ಕೆ ಕೂತ್ಕೊಳುತ್ತೆ. ಈ ವಿಷ ರಾಶೀಲಿ ಸಮನಾಗಿ ಹರಡಿರಲ್ಲ, ಸಾವಿರಾರು ಬೀಜ ಚೆನ್ನಾಗಿದ್ದು ನಡುವೆ ಒಂದು ಬೀಜ ಇಡೀ ಕೆಜಿ ಹಾಳು ಮಾಡುವಷ್ಟು ಹೊತ್ಕೊಂಡಿರುತ್ತೆ. ಕೈಗೆ ಸಿಕ್ಕಿದ ಇನ್ನೂರು ಗ್ರಾಂ ಕವರಲ್ಲಿ ಹಾಕಿ ಕಳ್ಸಿದ್ರೆ ರಿಪೋರ್ಟು ಚೆನ್ನಾಗೇ ಬರುತ್ತೆ, ರಾಶಿ ಚೆನ್ನಾಗಿರಲ್ಲ. ಯುರೋಪಿನವರು ದೊಡ್ಡ ಲಾಟಿಗೆ ನೂರು ಕಡೆಯಿಂದ ತೆಗೆದು 20 ಕೆಜಿ ಮಾಡಿ, ಪೂರ್ತಿ ರುಬ್ಬಿ, ಆಮೇಲೆ ಅದ್ರಲ್ಲಿ ಸ್ಯಾಂಪಲ್ ತಗೋತಾರೆ. ನಮಗೆ ಬರೋ ಕೆಲವು ಕವರ್ ನೋಡಿದ್ರೆ ಬೇಕಂತ್ಲೇ ದಪ್ಪ ದಪ್ಪ ಬೀಜ ಆರಿಸಿ ಹಾಕಿರ್ತಾರೆ. ಅಂಥ ಕವರ್ ಬಂದ ದಿನ ನಂಗೆ ಸಿಟ್ಟು ಬರುತ್ತೆ, ಯಾಕಂದ್ರೆ ಆರಿಸಿದ ಕೈಗೆ ಕೆಟ್ಟದ್ದು ಯಾವ್ದು ಅಂತ ಚೆನ್ನಾಗಿ ಗೊತ್ತಿತ್ತು.

ಸುಳಿವುಗಳು ಯಾರ ಹತ್ರ ಇರ್ತಾವೆ ಅಂತ ಯೋಚಿಸಿದ್ರೆ, ನಮ್ಮ ಹತ್ರ ಅಲ್ಲವೇ ಅಲ್ಲ. ಮಿಲ್ಲಲ್ಲಿ ದಿನಗೂಲಿಗೆ ಬೀಜ ಆರಿಸೋ ಹೆಂಗಸರ ಹತ್ರ. ಒಂದ್ಸಲ ಊರಿಗೆ ಹೋದಾಗ ಅಂಥ ಒಬ್ಬ ಅಕ್ಕನ ಜೊತೆ ಮಾತಾಡ್ತಾ ಕೂತಿದ್ದೆ, ಅವರು ಹೇಳಿದ್ರು, "ಕಾಯಿ ಒಡೆಯೋ ಮಷಿನ್‌ಗೆ ಹಾಕೋ ಮುಂಚೆ ನೀರು ಚಿಮುಕಿಸ್ತಾರೆ ಕಣಮ್ಮ, ಬೀಜ ಹೋಳಾಗಬಾರ್ದು ಅಂತ. ಎರಡು ದಿನ ಚೀಲದಲ್ಲಿ ಬಿಟ್ರೆ ಬೆಚ್ಚಗಾಗಿರ್ತದೆ, ಕೈ ಇಟ್ರೆ ಗೊತ್ತಾಗ್ತದೆ." ನಾನು ಯಾವ ಟ್ರೈನಿಂಗಲ್ಲೂ ಕೇಳದೇ ಇದ್ದದ್ದು ಅವರ ಅಂಗೈಗೆ ಗೊತ್ತಿತ್ತು. ಬೀಜದಲ್ಲಿ ತೇವ 8 ಪರ್ಸೆಂಟಿಗಿಂತ ಕೆಳಗಿರ್ಬೇಕು, ಕಾಯಿ ಅಲ್ಲಾಡಿಸಿದ್ರೆ ಗಲಗಲ ಅನ್ಬೇಕು, ಅಷ್ಟು ಕಷ್ಟಪಟ್ಟು ಒಣಗಿಸಿ ಕೊನೇಲಿ ನೀರು ಹಾಕಿದ್ರೆ ಏನು ಬಂತು. ಇದನ್ನ ಯಾರಿಗಾದ್ರೂ ಹೇಳಿದ್ರಾ ಅಕ್ಕ ಅಂದೆ. "ನಮ್ಮನ್ನ ಯಾರು ಕೇಳ್ತಾರೆ" ಅಂದ್ರು.

ಇನ್ನೊಂದು ವಿಷಯ ಈಗೀಗ ತಲೆ ತಿಂತಿದೆ, ಗಾಣದ ಎಣ್ಣೆ. ಬೆಂಗಳೂರಲ್ಲಿ ಬೀದಿಗೊಂದು ಮರದ ಗಾಣ ಬಂದಿದೆ, ನಂಗೂ ಆ ಎಣ್ಣೆ ಘಮ ಇಷ್ಟ, ಒಗ್ಗರಣೆಗೆ ಅದೇ ಬೇಕು. ಶೇಂಗಾ ಅರೆದಾಗ ವಿಷದ ಬಹುಪಾಲು ಹಿಂಡೀಲೇ ಉಳಿಯುತ್ತೆ, ಸ್ವಲ್ಪ ಎಣ್ಣೆಗೆ ಬರುತ್ತೆ, ರಿಫೈನ್ ಮಾಡುವಾಗ ಅದು ಹೋಗುತ್ತೆ, ಗಾಣದಲ್ಲಿ ಆ ಹಂತ ಇಲ್ಲ. ಹಾಗಂತ ಗಾಣ ಬೇಡ ಅಂತಲ್ಲ. ಗಾಣಕ್ಕೆ ಯಾವ ಬೀಜ ಹಾಕ್ತೀರಿ, ತೋರ್ಸಿ ಅಂತ ಕೇಳಿ. ಆರಿಸಿದ ಒಳ್ಳೆ ಬೀಜನಾ, ಅಥವಾ ಆರಿಸಿ ಬಿಟ್ಟ ಸುಕ್ಕು ಬೀಜ ಕಡಿಮೆ ರೇಟಿಗೆ ತಂದಿದ್ದಾ. ನಮ್ಮ ಏರಿಯಾದ ಗಾಣದೋರು ಕೇಳಿದ ತಕ್ಷಣ ಚೀಲ ಬಿಚ್ಚಿ ತೋರಿಸಿದ್ರು, ಖುಷಿ ಆಯ್ತು. ಬೀಜ ತೋರಿಸದೇ ಇದ್ದ ಇನ್ನೊಂದು ಕಡೆಗೆ ನಾನು ಮತ್ತೆ ಹೋಗ್ಲಿಲ್ಲ. ಮನೇಲಿ ಹೆಪಟೈಟಿಸ್ ಬಿ ಇರೋರು ಇದ್ರೆ ಇನ್ನೂ ಹುಷಾರು, ಎರಡೂ ಸೇರಿದ್ರೆ ಲಿವರ್ ಕ್ಯಾನ್ಸರ್ ಅಪಾಯ ಎಷ್ಟೋ ಪಟ್ಟು ಏರುತ್ತೆ. ಮಕ್ಕಳಿಗೆ ಆ ಲಸಿಕೆ ಹಾಕ್ಸೋದೂ ಅದಕ್ಕೇ ಮುಖ್ಯ.

ಆ ಅಕ್ಕ "ನಮ್ಮನ್ನ ಯಾರು ಕೇಳ್ತಾರೆ" ಅಂದ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟಿದೀನಿ. ಲ್ಯಾಬಿನದ್ದಲ್ಲ, ನಂದೇ. ಯಾರೇ ಫೋನ್ ಮಾಡಿ ಏನೋ ಸರಿ ಇಲ್ಲ ಅನ್ಸುತ್ತೆ ಅಂದ್ರೂ ಬರ್ಕೋತೀನಿ, ದಿನ, ಊರು, ಏನು ತಿಂದಿದ್ದು, ಯಾವುದಕ್ಕೆ ಏನಾಯ್ತು, ಮೊದಲು ನೋಡಿದ್ದು ಯಾರು. ಹೆಚ್ಚಿನವು ಏನೂ ಅಲ್ಲ, ಪುಟಗಟ್ಟಲೆ ಏನೂ ಅಲ್ಲದವೇ ಇದಾವೆ. ಹೋದ ವರ್ಷ ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ರು, ಹೊಸ ಚೀಲ ಹಿಂಡಿ ತಂದಾಗಿಂದ ಹಸು ಸರಿಯಾಗಿ ತಿಂತಿಲ್ಲ, ಹಾಲೂ ಇಳಿದಿದೆ, ಡಾಕ್ಟ್ರು ಬಂದು ನೋಡಿದ್ರು ಜ್ವರ ಗಿರ ಏನಿಲ್ಲ ಅಂತ. ಹಿಂಡಿ ನಿಲ್ಲಿಸಿ ಚಿಕ್ಕಮ್ಮ, ಚೀಲದ ಮೇಲೆ ಕೆಳಗೆ ನಡುವೆ ಬೇರೆ ಬೇರೆ ಕಡೆಯಿಂದ ತೆಗೆದು ಎರಡು ಕೆಜಿ ಪೇಪರ್ ಕವರಲ್ಲಿ ಕಟ್ಟಿ ಬಸ್ಸಿಗೆ ಹಾಕಿ ಅಂದೆ. ಪ್ಲಾಸ್ಟಿಕಲ್ಲಿ ಕಟ್ಬೇಡಿ ಬೆವರುತ್ತೆ ಅಂತ ಎರಡೆರಡು ಸಲ ಹೇಳಿದೆ. ಟೆಸ್ಟಿಗೆ ಹಾಕಿದ್ರೆ ಬಿ1 ಮಿತಿ ಮೀರಿತ್ತು, ಪಶು ಆಹಾರಕ್ಕೆ ಕೆಜಿಗೆ 20 ಮೈಕ್ರೋಗ್ರಾಂ ಮಿತಿ, ಇದು ಅದರ ಮೂರು ಪಟ್ಟಿಗಿಂತ ಮೇಲೆ. ಚಿಕ್ಕಮ್ಮ ಅದೇ ಲಾಟು ತಗೊಂಡಿದ್ದ ಏಳು ಮನೆಗೆ ಹೋಗಿ ಹೇಳಿ ಬಂದ್ರು, ಹಾಲಿನ ಡೈರಿ ಸೆಕ್ರೆಟರಿಗೂ ಹೇಳಿದ್ರು, ಮಾರಿದೋರು ಮೊದಲು ಜಗಳಕ್ಕೆ ಬಂದು ಆಮೇಲೆ ಚೀಲ ವಾಪಸ್ ತಗೊಂಡ್ರು. ವಾರದಲ್ಲಿ ಹಸು ಮೊದಲಿನ ಹಾಗೆ ತಿನ್ನೋಕೆ ಶುರು ಮಾಡ್ತು.

ಆ ಪುಟದಲ್ಲಿ ಮೊದಲು ನೋಡಿದ್ದು ಯಾರು ಅನ್ನೋ ಜಾಗದಲ್ಲಿ ಚಿಕ್ಕಮ್ಮನ ಹೆಸರು ಬರೆಯೋಕೆ ಹೋದೆ. ಅವರು ಫೋನಲ್ಲೇ ತಡೆದ್ರು. "ನಾನಲ್ಲ ಕಣೆ, ಹಸು ಬರ್ಕೋ. ಅದು ಮೂಸಿ ಮುಖ ತಿರುಗಿಸ್ತಲ್ಲ, ಅವತ್ತೇ."